ಬ್ರಿಟನ್ನಿಗೆ ಸಾಕುನಾಯಿಯ ಪ್ರವೇಶ

ಹುಚ್ಚುನಾಯಿ ರೋಗವನ್ನು ಬ್ರಿಟನ್ 1902ರಲ್ಲಿ ನಿರ್ಮೂಲ ಮಾಡಿದ್ದಿತು. ಆದರೆ 1918ರಲ್ಲಿ, ಮಹಾಯುದ್ಧದಿಂದ ಮರಳಿದ ಸೈನಿಕರು ಗುಟ್ಟಾಗಿ ತಂದ ನಾಯಿಗಳಿಂದ ಅದು ಪುನಃ ತಲೆದೋರಿತೆಂದು ಇತಿಹಾಸ ಹೇಳುತ್ತದೆ. ಅದನ್ನು ತೊಲಗಿಸಲು 1922ರವರೆಗೆ ಹೆಣಗಬೇಕಾಯಿತು. ರೋಗವು ಲಕ್ಷಣ ತೋರದೆ ತಿಂಗಳುಗಟ್ಟಲೆ ಅಡಗಿರಬಲ್ಲುದಾದ್ದರಿಂದ, ಹೊರನಾಡಿನ ನಾಯಿಯನ್ನು ಆರು ತಿಂಗಳು ಒಡೆಯನಿಂದ ಅಗಲಿಸಿ ಪ್ರತ್ಯೇಕವಾಗಿರಿಸುತ್ತಿದ್ದರು. 2000ದಿಂದ ಈ ಕಟ್ಟಳೆ ಹಂತಹಂತವಾಗಿ ಸಡಿಲವಾಯಿತು.

ಇಂದು ಭಾರತದಿಂದ ನಾಯಿಯೊಡನೆ ಅಲ್ಲಿಗೆ ವಲಸೆ ಹೋಗುವವರು ಮೊದಲು ಅದಕ್ಕೆ ಮೈಕ್ರೋಚಿಪ್ ಅಳವಡಿಸಿ, ಬಳಿಕ ರೇಬೀಸ್ ಲಸಿಕೆ ಹಾಕಿಸಬೇಕು. ಕನಿಷ್ಠ 30 ದಿನಗಳ ಮೇಲೆ ರಕ್ತಪರೀಕ್ಷೆಯಾಗಬೇಕು. ಅದರಲ್ಲಿ ಲಸಿಕೆ ಫಲಿಸಿದೆಯೆಂದು ತಿಳಿದರೂ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಳೆಯದೆ ವಿಮಾನವೇರಿಸುವಂತಿಲ್ಲ. ಆದುದರಿಂದ ಟಿಕೆಟ್ಟಿಗಿಂತ ಮೊದಲು ಲಸಿಕೆಯ ಚಿಂತೆ ಅಗತ್ಯ. ಕಾಯುವಿಕೆ ಈಗಲೂ ಉಂಟು; ಆದರೆ ನಾಯಿ ಕಾಯುವುದು ಒಡೆಯನ ಮನೆಯಲ್ಲಿಯೇ.