ಕಾಮಕಸ್ತೂರಿ ಬೀಜ, ಸಕ್ಕರೆ ಎಳೆ ಮತ್ತು ಮಾವನ ಪಾದದ ಗಾಯ

ಈ ಸಲದ ಕಂತನ್ನು ಬರ್ ದುಬೈನ ಮನೆಯಲ್ಲೇ ಕೂತು ರೆಕಾರ್ಡ್ ಮಾಡ್ತಾ ಇದ್ದೀನಿ. ಹಿಂದೆ ಎಸಿ ಸದ್ದು ಕೇಳಿದರೆ ಕ್ಷಮಿಸಿ, ಆಫ್ ಮಾಡೋ ಹವೆ ಅಲ್ಲ ಇದು.

ವಿಷಯ ಕೊಟ್ಟವರು ಕೆಳಗಿನ ಮಹಡಿಯ ಮಾವ. ಸಂಬಂಧದಲ್ಲಿ ಮಾವ ಅಲ್ಲ, ಕುಂದಾಪುರ ಕಡೆಯವರು, ಇಲ್ಲಿ ಎಲ್ಲರೂ ಹಾಗೇ ಕರೆಯೋದು. ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತೇ ಕೆಲಸ. 15 ವರ್ಷದಿಂದ ಸಕ್ಕರೆ ಕಾಯಿಲೆ. ಹೆಬ್ಬೆರಳಿನ ಬುಡದಲ್ಲಿ ಆದ ಗಾಯ ಎರಡು ತಿಂಗಳಾದರೂ ಮುಚ್ಚಿಲ್ಲ. "ನೀನು ರಕ್ತನಾಳ ಬೆಳೆಸೋ ಜೆಲ್ ಬಗ್ಗೆ ಓದಿದವಳಲ್ವಾ ಮಾರಾಯ್ತಿ, ಅದನ್ನ ಸ್ವಲ್ಪ ಹಚ್ಚಿದ್ರೆ ಆಗೂದಿಲ್ವಾ?" ಅಂದರು. ತಮಾಷೆಗೆ ಕೇಳಿದ್ದಲ್ಲ. ಬೆರಳು ಹೋಗುತ್ತೇನೋ ಅನ್ನೋ ಹೆದರಿಕೆ ಅದು.

ಹೈಡ್ರೋಜೆಲ್ ಅಂದರೆ ಏನು? ಫಲೂದಾದಲ್ಲಿನ ಕಾಮಕಸ್ತೂರಿ ಬೀಜ ನೆನಪಿಸಿಕೊಳ್ಳಿ. ನೀರಿಗೆ ಬಿದ್ದ ಸ್ವಲ್ಪ ಹೊತ್ತಿಗೇ ಸುತ್ತ ಲೋಳೆ ಕಟ್ಟುತ್ತೆ. ಅದರಲ್ಲಿ ಬಹುಪಾಲು ನೀರೇ, ಆದರೂ ಹರಿದುಹೋಗಲ್ಲ, ಯಾಕೆಂದರೆ ಉದ್ದುದ್ದ ಅಣುಗಳ ಬಲೆ ನೀರನ್ನು ಹಿಡಿದಿಟ್ಟಿರುತ್ತೆ. ಇಂಥ ಬಲೆಯನ್ನು ದೇಹದೊಳಗೆ ಬಳಸಬಹುದು ಅಂತ 1960ರಲ್ಲಿ ಓಟ್ಟೊ ವಿಖ್ಟರ್ಲೆ ಮತ್ತು ದ್ರಾಹೊಸ್ಲಾವ್ ಲಿಮ್ 'ನೇಚರ್' ಪತ್ರಿಕೆಯಲ್ಲಿ ಬರೆದರು. ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಹುಟ್ಟಿದ್ದು ಅಲ್ಲಿಂದಲೇ.

ಜೀವಕೋಶ ಬದುಕೋದಕ್ಕೆ ಹತ್ತಿರದಲ್ಲೇ ರಕ್ತನಾಳ ಬೇಕು. ಹತ್ತಿರ ಅಂದರೆ 100ರಿಂದ 200 ಮೈಕ್ರೋಮೀಟರ್, ಎರಡು ಮೂರು ತಲೆಕೂದಲಿನ ದಪ್ಪ ಅಷ್ಟೇ. ಅದಕ್ಕಿಂತ ದೂರ ಆದರೆ ಆಮ್ಲಜನಕ ತಲುಪಲ್ಲ. ಹಾಗಾದರೆ ರಕ್ತನಾಳ ಬೆಳೆಸೋ ಸಂದೇಶವನ್ನೇ ಕೊಟ್ಟರೆ ಮುಗೀತಲ್ಲ? ಆ ಸಂದೇಶ ವಿಇಜಿಎಫ್ ಅನ್ನೋ ಪ್ರೋಟೀನ್. 1989ರಲ್ಲಿ ನೆಪೋಲಿಯೋನ್ ಫೆರಾರಾ ಅದನ್ನು ಬೇರ್ಪಡಿಸಿದರು. ಮುಂದೆ ಹೃದ್ರೋಗ ಇರುವ 178 ಜನರ ಮೇಲೆ ಪ್ರಯೋಗ ಆಯಿತು. 2003ರಲ್ಲಿ ಫಲಿತಾಂಶ ಬಂತು: 60 ದಿನದ ಹೊತ್ತಿಗೆ, ಔಷಧವಿಲ್ಲದ ದ್ರಾವಣ ಪಡೆದವರಿಗಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ರಕ್ತಕ್ಕೆ ಬಿಟ್ಟ ಈ ಪ್ರೋಟೀನ್ ನಿಮಿಷಗಳಲ್ಲೇ ಕರಗಿಹೋಗುತ್ತೆ. ಒಂದೇ ಕಡೆ ಜಾಸ್ತಿ ಸುರಿದರೆ ಸೋರುವ, ಗೋಜಲು ಗೋಜಲಾದ ನಾಳಗಳು ಬೆಳೀತವೆ. ಬೆಳೆಸೋದು ಸುಲಭ, ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತು ಬೆಳೀಬೇಕು ಅಂತ ಹೇಳೋದೇ ಕಷ್ಟ.

ಜೆಲ್ ಬೇಕಾಗೋದು ಇಲ್ಲೇ. ಪ್ರೋಟೀನನ್ನು ಬಲೆಗೆ ಕಟ್ಟಿಡ್ತಾರೆ. ಬಲೆಯ ಗಂಟುಗಳನ್ನು ಕೋಶಗಳ ಕಿಣ್ವಗಳು ಕತ್ತರಿಸುವಂಥ ಪುಟ್ಟ ಪೆಪ್ಟೈಡುಗಳಿಂದ ಮಾಡ್ತಾರೆ. 1999ರಲ್ಲಿ ಜೆನಿಫರ್ ವೆಸ್ಟ್ ಮತ್ತು ಜೆಫ್ರಿ ಹಬೆಲ್ ತೋರಿಸಿದ ದಾರಿ ಇದು. ಕೋಶ ತಾನು ನುಗ್ಗಿದಷ್ಟೇ ಜೆಲ್ ಕರಗುತ್ತೆ, ಕರಗಿದಷ್ಟೇ ಸಂದೇಶ ಬಿಡುಗಡೆ ಆಗುತ್ತೆ.

ನನಗೆ ಇನ್ನೂ ಇಷ್ಟವಾದ ಕೆಲಸ 2012ರದ್ದು. ಜೋರ್ಡನ್ ಮಿಲ್ಲರ್, ಕ್ರಿಸ್ಟೋಫರ್ ಚೆನ್ ಮತ್ತು ಸಂಗಡಿಗರು ಪ್ರಿಂಟರ್‌ನಿಂದ ಸಕ್ಕರೆ ಎಳೆಗಳ ಜಾಲರಿ ಎಳೆದರು. ನಮ್ಮ ಜಾತ್ರೆಯ ಬಾಂಬೆ ಮಿಠಾಯಿಯ ದೂರದ ನೆಂಟ ಅನ್ನಿ. ಅದರ ಸುತ್ತ ಕೋಶ ತುಂಬಿದ ಜೆಲ್ ಹೊಯ್ದರು, ಆಮೇಲೆ ಸಕ್ಕರೆಯನ್ನು ಕರಗಿಸಿದರು. ಉಳಿದದ್ದು ಖಾಲಿ ಕೊಳವೆಗಳು, ಅದರೊಳಗೆ ರಕ್ತವನ್ನೇ ಹರಿಸಬಹುದು. ಸಕ್ಕರೆಯಿಂದ ಹಾಳಾದ ನಾಳಗಳ ಬಗ್ಗೆ ಯೋಚಿಸೋವಾಗ ಸಕ್ಕರೆಯಿಂದಲೇ ನಾಳದ ಅಚ್ಚು!

ಬೆಂಗಳೂರಿನ ಪ್ಯಾಂಡೋರಂ ಕಂಪನಿಯವರೂ ಜೆಲ್ ಮೇಲೇ ಕೆಲಸ ಮಾಡ್ತಾರೆ, ಆದರೆ ಕಣ್ಣಿನ ಕಾರ್ನಿಯಾಗೆ. ಅಲ್ಲಿ ಲೆಕ್ಕ ಉಲ್ಟಾ: ರಕ್ತನಾಳ ಒಳಗೆ ಬಂದರೆ ದೃಷ್ಟಿಯೇ ಮಂಜು.

ಮತ್ತೆ ಮಾವನ ಕಾಲಿಗೆ ಬರೋಣ. ಇಲಿಯ ಗಾಯ ಹೆಚ್ಚಾಗಿ ಚರ್ಮ ಕುಗ್ಗಿ ಮುಚ್ಚಿಕೊಳ್ಳುತ್ತೆ, ನಮ್ಮದು ಹಾಗಲ್ಲ. ಜತೆಗೆ ಮಧುಮೇಹದ ಹಳೇ ಗಾಯದಲ್ಲಿ ಆ ಕತ್ತರಿಸುವ ಕಿಣ್ವಗಳೇ ವಿಪರೀತ. ಕೋಶಗಳು ಬಂದು ಸೇರೋ ಮೊದಲೇ ಜೆಲ್ ಖಾಲಿ ಆಗಬಹುದು. ಪ್ರಯೋಗಾಲಯದ ಗೆಲುವು ಪಾದಕ್ಕೆ ಇಳಿಯದೇ ಇರೋದಕ್ಕೆ ಇದೂ ಒಂದು ಕಾರಣ.

ಬೆಳವಣಿಗೆಯ ಪ್ರೋಟೀನ್ ಇರುವ ಒಂದು ಜೆಲ್ ಔಷಧಿ, ಬೆಕಾಪ್ಲರ್ಮಿನ್, 1997ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅದರ ಷರತ್ತು ಓದಿ ಮಾವ ನಕ್ಕರು: ಪಾದಕ್ಕೆ ರಕ್ತ ಸಂಚಾರ ಸಾಕಷ್ಟು ಇರಬೇಕಂತೆ. "ಇದ್ದಿದ್ರೆ ನಾನ್ಯಾಕೆ ನಿನ್ನ ಹತ್ರ ಬರ್ತಿದ್ದೆ?"

ಹಾಗಾಗಿ ಹೇಳಿದೆ: ಮಾವ, ಈಗ ಬೇಕಾದ್ದು ಜೆಲ್ ಅಲ್ಲ. ಕಾಲಿಗೆ ರಕ್ತ ಎಷ್ಟು ಬರ್ತಿದೆ ಅಂತ ಪರೀಕ್ಷೆ ಆಗಬೇಕು, ಸೋಂಕು ಇದೆಯಾ ನೋಡಬೇಕು, ಸಕ್ಕರೆ ಹಿಡಿತಕ್ಕೆ ಬರಬೇಕು, ಎಲ್ಲಕ್ಕಿಂತ ಮುಖ್ಯ, ಆ ಗಾಯದ ಮೇಲೆ ಭಾರ ಬೀಳಬಾರದು. ಅದಕ್ಕೇ ಮಾಡಿದ ವಿಶೇಷ ಬೂಟುಗಳಿವೆ, ಡಾಕ್ಟರು ಕೊಡ್ತಾರೆ.

"ಕೂತು ಬಟ್ಟೆ ಮಾರೂಕೆ ಆಗ್ತದಾ?" ಅಂದರು. ಮುಂದಿನ ಭಾನುವಾರ ಪರೀಕ್ಷೆಗೆ ಹೋಗ್ತಿದ್ದೀವಿ. ಅಂಗಡಿಯಲ್ಲಿ ಒಂದು ಸ್ಟೂಲ್ ಕೇಳಿದ್ದಾರಂತೆ, ಇನ್ನೂ ಉತ್ತರ ಬಂದಿಲ್ಲ.