ಕ್ಲೌಡ್‌ಗೆ ಹೋದ ಸೇವ್: ನಂಬಿದ್ದೆಷ್ಟು, ನಿಜವೆಷ್ಟು

ಶಿವಮೊಗ್ಗದ ಮನೆಯಲ್ಲಿ ಹಳೆಯ ಡೆಸ್ಕ್‌ಟಾಪ್, ಬೆಂಗಳೂರಿನ ಹಾಸ್ಟೆಲಿನಲ್ಲಿ ಲ್ಯಾಪ್‌ಟಾಪ್. ನನ್ನ ಅಣ್ಣನ ಮಗ ಎರಡರಲ್ಲೂ ‘ಸ್ಟಾರ್‌ಡ್ಯೂ ವ್ಯಾಲಿ’ ಆಡುತ್ತಿದ್ದ. ತಾತ ಬಿಟ್ಟುಹೋದ ಪಾಳು ಜಮೀನನ್ನು ಹದ ಮಾಡಿ, ಬೆಳೆ ತೆಗೆದು, ದನ ಕೋಳಿ ಸಾಕಿ, ಊರವರ ಸ್ನೇಹ ಗಳಿಸುವ ಆಟ ಅದು. ದಸರಾ ರಜೆಗೆ ಊರಿಗೆ ಹೋದವನು ಒಂದು ಬೆಳಿಗ್ಗೆ ನನಗೆ ಫೋನ್ ಮಾಡಿದ. “ಚಿಕ್ಕಪ್ಪ, ಒಂದು ವರ್ಷದ ತೋಟ ಹೋಯ್ತು. ಕ್ಲೌಡ್‌ನಲ್ಲೇ ಇತ್ತಲ್ಲ, ಹೇಗೆ ಹೋಗುತ್ತೆ?”

ಆ ಆಟದಲ್ಲಿ ಒಂದು ವರ್ಷವೆಂದರೆ ನಾಲ್ಕು ಋತು, ಋತುವಿಗೆ 28 ದಿನದಂತೆ 112 ದಿನ. ಒಂದು ದಿನಕ್ಕೆ ಹಿಡಿಯುವುದು ಸುಮಾರು 14 ನಿಮಿಷ. ಅಂದರೆ ಅವನು ಕಳೆದುಕೊಂಡದ್ದು ಹೆಚ್ಚುಕಡಿಮೆ 26 ಗಂಟೆಗಳ ದುಡಿಮೆ. ‘ಆಟ ತಾನೇ’ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರಲಿಲ್ಲ. ಅವನ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಂತೆ, ಕ್ಲೌಡ್ ಬಗ್ಗೆ ನಾವು ಕೇಳಿ ನಂಬಿಕೊಂಡ ಎಷ್ಟೋ ಮಾತುಗಳು ತಪ್ಪೆಂದು ಗೊತ್ತಾಯಿತು.

ತಪ್ಪು ಕಲ್ಪನೆ: ಆಟ ಕೊಂಡರೆ ಸೇವ್ ತಾನಾಗಿ ಕ್ಲೌಡ್ ಸೇರುತ್ತದೆ

ಆಟ ನಿಮ್ಮ ಖಾತೆಯಲ್ಲಿರುವುದು ಬೇರೆ, ಆಟದಲ್ಲಿ ನೀವು ಮುಟ್ಟಿದ ಹಂತ, ಅಂದರೆ ಸೇವ್, ಖಾತೆಯಲ್ಲಿರುವುದು ಬೇರೆ. ಪಿಸಿ ಆಟಗಳನ್ನು ಮಾರುವ ಸ್ಟೀಮ್ ತನ್ನ ಕ್ಲೌಡ್ ಸೌಲಭ್ಯವನ್ನು 2008ರಲ್ಲಿ ತಂದಿತು. ಅಂದಿನಿಂದ ಇಂದಿನವರೆಗೂ ಅದನ್ನು ಬಳಸಬೇಕೋ ಬೇಡವೋ ಎಂಬ ತೀರ್ಮಾನ ಆಯಾ ಆಟ ತಯಾರಿಸಿದವರದು. ಯಾವ ಫೈಲುಗಳು ಹೋಗಬೇಕು, ಎಷ್ಟು ಜಾಗ ಸಿಗಬೇಕು ಎಂದು ಗೊತ್ತುಮಾಡುವವರೂ ಅವರೇ. ಆಟದ ಮಾರಾಟ ಪುಟದಲ್ಲಿ ಸೌಲಭ್ಯಗಳ ಪಟ್ಟಿಯಿರುತ್ತದೆ. ಅದರಲ್ಲಿ ‘ಸ್ಟೀಮ್ ಕ್ಲೌಡ್’ ಎಂದಿಲ್ಲದಿದ್ದರೆ ಸಾಮಾನ್ಯವಾಗಿ ನಿಮ್ಮ ಸೇವ್ ಇರುವುದು ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ.

ಮಕ್ಕಳು ಹೆಚ್ಚು ಮೋಸಹೋಗುವುದು ಮೈನ್‌ಕ್ರಾಫ್ಟ್‌ನಲ್ಲಿ. ಅದರ ಜಾವಾ ಆವೃತ್ತಿಗೆ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಬೇಕು. ಹಾಗಾಗಿ ಕಟ್ಟಿದ ಕೋಟೆ, ತೋಡಿದ ಸುರಂಗ ಎಲ್ಲವೂ ಆ ಖಾತೆಯಲ್ಲೇ ಇವೆ ಎಂದು ಮಗು ನಂಬುತ್ತದೆ. ಆದರೆ ನೀವೊಬ್ಬರೇ ಆಡುವ ಲೋಕ ಇರುವುದು ನಿಮ್ಮ ಡಿಸ್ಕಿನ ಒಂದು ಫೋಲ್ಡರಿನಲ್ಲಿ. ಕಂಪ್ಯೂಟರ್ ರಿಪೇರಿಗೆ ಹೋಗಿ ಡಿಸ್ಕ್ ಫಾರ್ಮ್ಯಾಟ್ ಆದರೆ ಖಾತೆ ಉಳಿಯುತ್ತದೆ, ಕೋಟೆ ಉಳಿಯುವುದಿಲ್ಲ. ಮನೆಯಲ್ಲಿ ಮೈನ್‌ಕ್ರಾಫ್ಟ್ ಆಡುವ ಮಕ್ಕಳಿದ್ದರೆ ರಿಪೇರಿಯವರಿಗೆ ಕೊಡುವ ಮುನ್ನ ಆ ಫೋಲ್ಡರನ್ನು ಬೇರೆಡೆ ನಕಲು ಮಾಡಿಡಿ.

ತಪ್ಪು ಕಲ್ಪನೆ: ಕ್ಲೌಡ್‌ನಲ್ಲಿದ್ದರೆ ಅದೇ ಬ್ಯಾಕಪ್

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ನಂಬಿಕೆ ಇದು. ಕ್ಲೌಡ್ ಮಾಡುವುದು ಸಿಂಕ್, ಅಂದರೆ ಎಲ್ಲ ಕಡೆಯ ಪ್ರತಿಗಳನ್ನು ಒಂದೇ ಆಗಿಸುವುದು. ಸಿಂಕ್ ಎಂದರೆ ಕನ್ನಡಿ, ಬ್ಯಾಕಪ್ ಎಂದರೆ ಕಣಜ. ಮುಖಕ್ಕೆ ಮಸಿ ಹತ್ತಿದರೆ ಕನ್ನಡಿಯಲ್ಲೂ ಮಸಿಯೇ ಕಾಣುತ್ತದೆ. ಇಲ್ಲಿ ಫೈಲ್ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಇಲ್ಲಿ ಕೆಟ್ಟರೆ ಕೆಟ್ಟ ಪ್ರತಿಯೇ ಮೇಲೇರಿ, ಇನ್ನೊಂದು ಕಂಪ್ಯೂಟರಿಗೂ ಇಳಿಯುತ್ತದೆ.

2020ರ ಡಿಸೆಂಬರಿನಲ್ಲಿ ‘ಸೈಬರ್‌ಪಂಕ್ 2077’ ಬಂದಾಗ ಹೀಗೇ ಆಯಿತು. ಪಿಸಿ ಆವೃತ್ತಿಯಲ್ಲಿ ಸೇವ್ ಫೈಲ್ 8 ಎಂಬಿ ದಾಟಿದರೆ ಕೆಟ್ಟುಹೋಗಿ ಮತ್ತೆ ತೆರೆಯುತ್ತಿರಲಿಲ್ಲ. ತಯಾರಕರು ಅದೇ ತಿಂಗಳು ದೋಷ ಸರಿಪಡಿಸಿದರು, ಆದರೆ ಅಷ್ಟರಲ್ಲಿ ಕೆಟ್ಟಿದ್ದ ಫೈಲುಗಳು ಮರಳಿ ಬರಲಿಲ್ಲ. ಇಂಥ ಫೈಲು ಕ್ಲೌಡ್‌ಗೆ ಹೋದರೆ ಅಲ್ಲಿಯೂ ಕೆಟ್ಟದ್ದಾಗಿಯೇ ಇರುತ್ತದೆ. ಸಾಗಿಸುವುದಷ್ಟೇ ಕ್ಲೌಡ್‌ನ ಕೆಲಸ. ಒಳಗಿನ ಕಾಳು ಹುಳ ಹಿಡಿದಿದೆಯೋ ಎಂದು ಅದು ಮೂಟೆ ಬಿಚ್ಚಿ ನೋಡುವುದಿಲ್ಲ.

ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್‌ಗಳಂಥ ಸೇವೆಗಳಲ್ಲಿ ಒಂದು ಆಸರೆಯಿದೆ. ಅಳಿಸಿದ ಫೈಲುಗಳನ್ನೂ ಹಳೆಯ ಪ್ರತಿಗಳನ್ನೂ ಅವು ಸಾಮಾನ್ಯ ಖಾತೆಗಳಲ್ಲಿ 30 ದಿನ ಕಾಯ್ದಿಡುತ್ತವೆ. ಸ್ಟೀಮ್ ಕ್ಲೌಡ್‌ನಲ್ಲಿ ಹಾಗೆ ಹಿಂದಕ್ಕೆ ಹೋಗಿ ಹಳೆಯ ಪ್ರತಿ ಆರಿಸಿಕೊಳ್ಳುವ ದಾರಿ ಆಟಗಾರನಿಗಿಲ್ಲ. ಕೊನೆಗೆ ಹೋದದ್ದೇ ಅಲ್ಲಿರುತ್ತದೆ. ಸ್ಟಾರ್‌ಡ್ಯೂ ವ್ಯಾಲಿ ತನ್ನ ಸೇವ್ ಪಕ್ಕದಲ್ಲೇ ಒಂದು ಹಳೆಯ ಪ್ರತಿ ಇಟ್ಟುಕೊಳ್ಳುವುದು ಒಳ್ಳೆಯ ಪದ್ಧತಿಯೇ. ಆದರೆ ಅದು ಹಿಂದಿನ ಒಂದು ಸೇವ್ ಅಷ್ಟೇ. ಒಂದು ದಿನದ ತಪ್ಪನ್ನು ಸರಿಪಡಿಸೀತು, ಒಂದು ವರ್ಷವನ್ನಲ್ಲ.

ತಪ್ಪು ಕಲ್ಪನೆ: ಎರಡೂ ಕಡೆ ಆಡಿದರೆ ಕ್ಲೌಡ್ ಜೋಡಿಸಿಕೊಳ್ಳುತ್ತದೆ

ಅಣ್ಣನ ಮಗನ ತೋಟ ಹೋದದ್ದು ಇಲ್ಲಿಯೇ. ಮನೆಯಲ್ಲಿ ಎರಡು ದಿನ ಇಂಟರ್ನೆಟ್ ಇರಲಿಲ್ಲ. ಡೆಸ್ಕ್‌ಟಾಪಿನಲ್ಲಿದ್ದದ್ದು ಹಿಂದಿನ ರಜೆಯ ಹಳೆಯ ತೋಟ. ಅವನ ತಂಗಿ ಅದನ್ನೇ ತೆರೆದು ಒಂದಿಷ್ಟು ಹೊತ್ತು ಆಡಿದಳು. ನೆಟ್ ಬಂದಾಗ ಪರದೆಯ ಮೇಲೆ ಪ್ರಶ್ನೆಯೊಂದು ಮೂಡಿತು: ಈ ಕಂಪ್ಯೂಟರಿನ ಪ್ರತಿ ಬೇಕೋ, ಕ್ಲೌಡ್‌ನ ಪ್ರತಿ ಬೇಕೋ? ಎರಡರ ಎದುರೂ ತಾರೀಖು ಇತ್ತು. ಅವನು ಹೊಸ ತಾರೀಖಿನದನ್ನು ಒತ್ತಿದ.

ಹೊಸ ತಾರೀಖೆಂದರೆ ಮುಂದುವರಿದ ಆಟವೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ತಾರೀಖು ಹೇಳುವುದು ಫೈಲನ್ನು ಕೊನೆಗೆ ಬರೆದದ್ದು ಯಾವಾಗ ಎಂಬುದನ್ನು, ಆಟ ಎಷ್ಟು ಮುಂದೆ ಹೋಗಿದೆ ಎಂಬುದನ್ನಲ್ಲ. ಹಳೆಯ ತೋಟದಲ್ಲಿ ಇವತ್ತು ಒಂದು ದಿನ ಕಳೆದರೂ ಅದು ಇವತ್ತಿನ ಫೈಲೇ. ಎರಡು ಸೇವ್‌ಗಳನ್ನು ಹೊಲಿದು ಒಂದು ಮಾಡುವ ಶಕ್ತಿ ಈ ಸೇವೆಗಳಿಗಿಲ್ಲ. ಸ್ಟೀಮ್‌ನಂಥ ಕಡೆ ಒಂದು ಉಳಿಯುತ್ತದೆ, ಇನ್ನೊಂದು ಹೋಗುತ್ತದೆ. ಡ್ರಾಪ್‌ಬಾಕ್ಸ್ ಇಂಥ ಹೊತ್ತಿನಲ್ಲಿ ಎರಡನ್ನೂ ಉಳಿಸಿ ಒಂದಕ್ಕೆ ‘ಘರ್ಷಣೆಯ ಪ್ರತಿ’ ಎಂಬರ್ಥದ ಹೆಸರು ಸೇರಿಸುತ್ತದೆ. ಫೈಲೇನೋ ಉಳಿಯಿತು, ಆದರೆ ಹೆಸರು ಬದಲಾದ ಫೈಲನ್ನು ಆಟ ಗುರುತಿಸುವುದಿಲ್ಲ. ಹುಡುಕಿ ಹೆಸರು ಸರಿಮಾಡುವುದು ನಮ್ಮ ಕೆಲಸ.

ನನಗೆ ಇಂದಿಗೂ ನೋವಾಗುವುದು ಮುಂದಿನ ಸಂಗತಿಗೆ. ತಪ್ಪು ಗುಂಡಿ ಒತ್ತಿದ ಆ ರಾತ್ರಿ ಸರಿಯಾದ ತೋಟ ಎಲ್ಲೂ ಹೋಗಿರಲಿಲ್ಲ. ಅವನ ಬ್ಯಾಗಿನಲ್ಲಿದ್ದ, ಆರಿಸಿಟ್ಟಿದ್ದ ಲ್ಯಾಪ್‌ಟಾಪಿನಲ್ಲಿ ಇಡಿಯಾಗಿ ಇತ್ತು. ಬೆಳಿಗ್ಗೆ ಗಾಬರಿಯಿಂದ ಅದನ್ನು ತೆರೆದ, ವೈಫೈ ಹಿಡಿಯಿತು, ಕ್ಲೌಡ್‌ನಲ್ಲಿದ್ದ ‘ಹೊಸ’ ಪ್ರತಿ ಸದ್ದಿಲ್ಲದೆ ಇಳಿದು ಕೂತಿತು. ನನಗೆ ಫೋನ್ ಬಂದದ್ದು ಅದಾದ ಮೇಲೆ. ಇಂಥ ಸಂದರ್ಭದಲ್ಲಿ ಮಾಡಬೇಕಾದದ್ದು ಇಷ್ಟೇ: ಇನ್ನೊಂದು ಕಂಪ್ಯೂಟರನ್ನು ತೆರೆಯುವ ಮುನ್ನ ಮನೆಯ ರೂಟರ್ ಆರಿಸಿ, ಫೋನಿನ ಹಾಟ್‌ಸ್ಪಾಟ್ ಕೂಡ. ಆಮೇಲೆ ಸೇವ್ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿ. ಅದಾದ ನಂತರವೇ ನೆಟ್.

ಯಾವ ಪ್ರತಿ ಬೇಕೆಂಬ ಪ್ರಶ್ನೆ ಮೂಡಿದಾಗಲೂ ಹಾಗೆಯೇ. ಯಾವ ಗುಂಡಿಯನ್ನೂ ಒತ್ತದೆ ಮೊದಲು ಎದುರಿಗಿರುವ ಕಂಪ್ಯೂಟರಿನ ಪ್ರತಿಯನ್ನು ಬೇರೆ ಕಡೆ ತೆಗೆದಿಡಿ. ಕ್ಲೌಡ್‌ನ ಪ್ರತಿಯನ್ನೂ ತೆಗೆದಿಡಬಹುದು. ಸ್ಟೀಮ್‌ನಲ್ಲಾದರೆ ಖಾತೆಗೆ ಬ್ರೌಸರಿನಿಂದ ಲಾಗಿನ್ ಆಗಿ, ಕ್ಲೌಡ್‌ನಲ್ಲಿರುವ ಫೈಲುಗಳನ್ನು ಒಂದೊಂದಾಗಿ ಇಳಿಸಿಕೊಳ್ಳಲು ಬರುತ್ತದೆ.

ತಪ್ಪು ಕಲ್ಪನೆ: ಸೇವ್ ಫೋಲ್ಡರನ್ನು ಡ್ರೈವ್‌ಗೆ ಎಳೆದು ಹಾಕಿದರೆ ಸಾಕು

ತನ್ನದೇ ಕ್ಲೌಡ್ ಇಲ್ಲದ ಆಟಗಳಿಗೆ ಡ್ರಾಪ್‌ಬಾಕ್ಸ್, ಗೂಗಲ್ ಡ್ರೈವ್, ಒನ್‌ಡ್ರೈವ್ ಬಳಸುವುದು ಒಳ್ಳೆಯ ಉಪಾಯವೇ. ಆದರೆ ಆಟಕ್ಕೆ ಗೊತ್ತಿರುವುದು ತನ್ನ ಹಳೆಯ ವಿಳಾಸ ಮಾತ್ರ. ಸ್ಕೈರಿಮ್ ತನ್ನ ಸೇವ್‌ಗಳನ್ನು ಹುಡುಕುವುದು ಡಾಕ್ಯುಮೆಂಟ್ಸ್ ಒಳಗಿನ ‘ಮೈ ಗೇಮ್ಸ್’ನಲ್ಲಿ. ಸ್ಟಾರ್‌ಡ್ಯೂ, ಎಲ್ಡೆನ್ ರಿಂಗ್ ಹುಡುಕುವುದು ಕಣ್ಣಿಗೆ ಬೀಳದಂತೆ ಅಡಗಿರುವ ‘ಆ್ಯಪ್‌ಡೇಟಾ’ದಲ್ಲಿ. ಫೋಲ್ಡರನ್ನು ಅಲ್ಲಿಂದ ಎತ್ತಿದರೆ ಆಟ ಹೊಸದಾಗಿ ಶುರುವಾಗುತ್ತದೆ. ಅಲ್ಲೊಂದು ಶಾರ್ಟ್‌ಕಟ್ ಇಟ್ಟರೂ ಪ್ರಯೋಜನವಿಲ್ಲ. ಶಾರ್ಟ್‌ಕಟ್ ನಾವು ಕ್ಲಿಕ್ ಮಾಡಲಿಕ್ಕೆ ಇರುವ ಚೀಟಿ, ಆಟ ಅದನ್ನು ಹಿಂಬಾಲಿಸಿ ಹೋಗುವುದಿಲ್ಲ.

ಬೇಕಾದದ್ದು ವಿಂಡೋಸ್‌ನ ‘ಎಂಕೆಲಿಂಕ್’ ಆಜ್ಞೆಯಿಂದ ಮಾಡುವ ಲಿಂಕ್. ನಿಜವಾದ ಫೋಲ್ಡರ್ ಕ್ಲೌಡ್ ಫೋಲ್ಡರಿನ ಒಳಗೆ ಇರಬೇಕು, ಹಳೆಯ ಜಾಗದಲ್ಲಿ ಲಿಂಕ್ ಇರಬೇಕು. ಈ ದಿಕ್ಕನ್ನು ಅದಲುಬದಲು ಮಾಡಬೇಡಿ. ಮೊದಲು ಅದಲುಬದಲಾಗಿದ್ದರೂ ನಡೆಯುತ್ತಿತ್ತು. ಆದರೆ 2019ರಲ್ಲಿ ಡ್ರಾಪ್‌ಬಾಕ್ಸ್, ತನ್ನ ಫೋಲ್ಡರಿನೊಳಗಿನ ಇಂಥ ಲಿಂಕ್ ಹಿಡಿದು ಹೊರಗಿನ ಫೈಲುಗಳನ್ನು ಸಿಂಕ್ ಮಾಡುವುದನ್ನು ನಿಲ್ಲಿಸಿತು. ಎರಡನೆಯ ಕಂಪ್ಯೂಟರಿನಲ್ಲಿಯೂ ಇದೇ ಲಿಂಕ್ ಮಾಡಬೇಕು. ಗೂಗಲ್ ಡ್ರೈವ್ ಆ್ಯಪ್‌ನಲ್ಲಿ ಕಂಪ್ಯೂಟರಿನ ಯಾವ ಫೋಲ್ಡರನ್ನು ಬೇಕಾದರೂ ಸೇರಿಸಲು ಬರುತ್ತದೆ ನಿಜ. ಆದರೆ ಹಾಗೆ ಸೇರಿಸಿದ್ದು ಡ್ರೈವ್‌ನ ‘ಕಂಪ್ಯೂಟರ್ಸ್’ ವಿಭಾಗಕ್ಕೆ ಹೋಗಿ ಕೂರುತ್ತದೆಯೇ ಹೊರತು ಇನ್ನೊಂದು ಯಂತ್ರದ ಅದೇ ಜಾಗಕ್ಕೆ ಇಳಿಯುವುದಿಲ್ಲ.

ಇನ್ನು ಒನ್‌ಡ್ರೈವ್. ಎಷ್ಟೋ ವಿಂಡೋಸ್ ಕಂಪ್ಯೂಟರುಗಳಲ್ಲಿ ಡಾಕ್ಯುಮೆಂಟ್ಸ್ ಫೋಲ್ಡರ್ ಯಜಮಾನನಿಗೆ ತಿಳಿಯದೆಯೇ ಒನ್‌ಡ್ರೈವ್ ಒಳಗೆ ಸೇರಿರುತ್ತದೆ. ಆಗ ‘ಮೈ ಗೇಮ್ಸ್’ ಕೂಡ ಅಲ್ಲಿಗೇ. ಜಾಗ ಉಳಿಸಲು ಒನ್‌ಡ್ರೈವ್ ಫೈಲಿನ ಹೆಸರನ್ನಷ್ಟೇ ಇಲ್ಲಿಟ್ಟು ಒಳಗಿನದನ್ನು ಕ್ಲೌಡ್‌ನಲ್ಲಿ ಇಟ್ಟಿರಬಹುದು. ನೆಟ್ ಇಲ್ಲದ ದಿನ ಆ ಫೈಲ್ ತೆರೆಯುವುದಿಲ್ಲ. ಫೋಲ್ಡರಿನ ಮೇಲೆ ಬಲ ಕ್ಲಿಕ್ ಮಾಡಿದರೆ ಅದನ್ನು ಯಾವಾಗಲೂ ಇದೇ ಸಾಧನದಲ್ಲಿ ಇಟ್ಟುಕೊಳ್ಳುವ ಆಯ್ಕೆ ಸಿಗುತ್ತದೆ. ಸೇವ್ ಫೋಲ್ಡರುಗಳಿಗೆ ಅದನ್ನು ಆರಿಸಿ.

ಒಂದು ಆಟಕ್ಕೆ ಒಬ್ಬನೇ ಹಮಾಲಿ ಸಾಕು. ಸ್ಟೀಮ್ ಕ್ಲೌಡ್ ಹೊರುತ್ತಿರುವ ಫೋಲ್ಡರನ್ನೇ ಡ್ರಾಪ್‌ಬಾಕ್ಸ್‌ಗೂ ಹೊರಿಸಿದರೆ, ಒಂದು ಇಳಿಸಿದ್ದನ್ನು ಇನ್ನೊಂದು ಬದಲಾವಣೆಯೆಂದು ತಿಳಿದು ಮತ್ತೆ ಸಾಗಿಸುತ್ತದೆ. ಯಾರ ಪ್ರತಿ ಸರಿ ಎಂಬುದೇ ಕೊನೆಗೆ ತಿಳಿಯದಂತಾಗುತ್ತದೆ.

ತಪ್ಪು ಕಲ್ಪನೆ: ಆಟ ಮುಚ್ಚಿದ ಕ್ಷಣ ಕೆಲಸ ಮುಗಿಯಿತು

ಮೇಲೇರುವ ಕೆಲಸ ಶುರುವಾಗುವುದೇ ಆಟ ಮುಚ್ಚಿದ ಮೇಲೆ. ಬಸ್ಸಿಗೆ ಹೊತ್ತಾಯಿತೆಂದು ಲ್ಯಾಪ್‌ಟಾಪ್ ಮಡಚಿದರೆ, ಕರೆಂಟ್ ಹೋಗಿ ರೂಟರ್ ಆರಿದರೆ, ಇವತ್ತಿನ ಆಟ ಅಲ್ಲೇ ಉಳಿಯಿತು. ಸ್ಟೀಮ್‌ನಲ್ಲಿ ಆಟದ ಪುಟದಲ್ಲೇ ಕ್ಲೌಡ್ ಸ್ಥಿತಿ ಕಾಣುತ್ತದೆ. ಅದು ಮುಗಿದಿದೆಯೆಂದು ತೋರಿಸುವವರೆಗೆ ಕಾಯಿರಿ.

ಕಾಯುವ ಹೊತ್ತು ಎಷ್ಟು ಎಂಬುದು ಆಟದ ಮೇಲಿದೆ. ಸ್ಟಾರ್‌ಡ್ಯೂ ಸೇವ್ ಕೆಲವು ಎಂಬಿ ಮಾತ್ರ, ಮೊಬೈಲ್ ಡೇಟಾದಲ್ಲೂ ಕ್ಷಣದಲ್ಲಿ ಹೋಗುತ್ತದೆ. ಹಳೆಯ ಮೈನ್‌ಕ್ರಾಫ್ಟ್ ಲೋಕವೊಂದು ಜಿಬಿಗಟ್ಟಲೆ ಬೆಳೆದಿರಬಹುದು, ಅದೂ ಹಲವಾರು ಫೈಲುಗಳಾಗಿ. ಆಟ ನಡೆಯುತ್ತಿರುವಾಗಲೇ ಅದು ಸಿಂಕ್ ಆದರೆ ಅರ್ಧ ಹೊಸದು, ಅರ್ಧ ಹಳೆಯದು ಎಂಬಂಥ ಪ್ರತಿ ಹೋಗಿ ಲೋಕವೇ ಮುರಿದೀತು. ಅದಕ್ಕೆ ಆಟ ಮುಚ್ಚಿ, ಫೋಲ್ಡರನ್ನು ಜಿಪ್ ಮಾಡಿ ಕಳಿಸುವುದೇ ಸರಿ. ಉಚಿತ ಜಾಗವೂ ನೆನಪಿರಲಿ: ಗೂಗಲ್ 15 ಜಿಬಿ, ಅದೂ ಜಿಮೇಲ್ ಮತ್ತು ಫೋಟೋಗಳ ಜೊತೆ ಹಂಚಿಕೊಂಡು. ಒನ್‌ಡ್ರೈವ್ 5, ಡ್ರಾಪ್‌ಬಾಕ್ಸ್ 2.

ತಪ್ಪು ಕಲ್ಪನೆ: ಆಟ ಒಂದೇ ಆದರೆ ಸೇವ್ ಕೂಡ ಒಂದೇ

ಅಲ್ಲ. ಸ್ಟೀಮ್‌ನಲ್ಲಿ ಕೊಂಡ ಆಟಕ್ಕೂ ಎಕ್ಸ್‌ಬಾಕ್ಸ್ ಆ್ಯಪ್‌ನಲ್ಲಿ ಪಡೆದ ಅದೇ ಆಟಕ್ಕೂ ಸಾಮಾನ್ಯವಾಗಿ ಬೇರೆ ಬೇರೆ ಕ್ಲೌಡ್. ಎಲ್ಡೆನ್ ರಿಂಗ್‌ನ ಸೇವ್ ಸ್ಟೀಮ್ ಖಾತೆಯ ಸಂಖ್ಯೆಗೆ ಕಟ್ಟಿಕೊಂಡಿರುವುದರಿಂದ ಗೆಳೆಯನ ಫೈಲನ್ನು ತಂದು ಹಾಕಿದರೆ ಹಾಗೇ ತೆರೆಯುವುದಿಲ್ಲ. ಬಾಲ್ಡರ್ಸ್ ಗೇಟ್ 3ರಂಥ ಕೆಲವು ಆಟಗಳು ತಮ್ಮದೇ ಖಾತೆಯ ಮೂಲಕ ಪಿಸಿ ಮತ್ತು ಕನ್ಸೋಲ್ ನಡುವೆ ಸೇತುವೆ ಕಟ್ಟಿವೆ. ಆ ಸೌಲಭ್ಯ ನಿಮ್ಮ ಆಟಕ್ಕೆ ಇದೆಯೋ ಎಂದು ಎರಡನೆಯ ಪ್ರತಿ ಕೊಳ್ಳುವ ಮುನ್ನವೇ ವಿಚಾರಿಸಿಕೊಳ್ಳಿ.

ತಪ್ಪು ಕಲ್ಪನೆ: ಕ್ಲೌಡ್‌ನಲ್ಲಿಟ್ಟದ್ದು ಶಾಶ್ವತ

ಗೂಗಲ್‌ನ ಇಂಟರ್ನೆಟ್ ಮೂಲಕ ಆಟ ಆಡಿಸುತ್ತಿದ್ದ ಸೇವೆ ಸ್ಟೇಡಿಯಾ 2023ರ ಜನವರಿ 18ರಂದು ಬಾಗಿಲು ಮುಚ್ಚಿತು. ಅಲ್ಲಿ ಆಡುತ್ತಿದ್ದವರಿಗೆ ಸೇವ್‌ಗಳನ್ನು ಇಳಿಸಿಕೊಳ್ಳಲು ದಾರಿ ಕೊಟ್ಟದ್ದು ಪುಣ್ಯ. 2024ರಲ್ಲಿ ಆಟಗಳನ್ನು ಮಾರುವ ಜಿಒಜಿ ತಾಣ ಒಂದು ಆಟಕ್ಕೆ 200 ಎಂಬಿ ಎಂದು ಮಿತಿ ಹಾಕಿ, ಅದನ್ನು ಮೀರಿದ ಸೇವ್‌ಗಳನ್ನು ಆಗಸ್ಟ್ 31ರ ನಂತರ ಅಳಿಸುವುದಾಗಿ ತಿಳಿಸಿತು. ನಿಂಟೆಂಡೊ ಸ್ವಿಚ್ ಮತ್ತು ಪ್ಲೇಸ್ಟೇಷನ್‌ಗಳಲ್ಲಿ ಕ್ಲೌಡ್ ಸೇವ್ ಸಿಗುವುದು ಹಣ ಕಟ್ಟಿದ ಸದಸ್ಯರಿಗೆ ಮಾತ್ರ. ಅದರಲ್ಲೂ ಸ್ವಿಚ್‌ನ ‘ಸ್ಪ್ಲಾಟೂನ್ 2’ರಂಥ ಕೆಲವು ಆಟಗಳಿಗೆ ಹಣ ಕಟ್ಟಿದರೂ ಇಲ್ಲ.

ಅಣ್ಣನ ಮಗ ಈಗ ಹೊಸ ತೋಟ ಹೂಡಿದ್ದಾನೆ. ಪ್ರತಿ ಭಾನುವಾರ ಸೇವ್ ಫೋಲ್ಡರನ್ನು ಆ ದಿನದ ತಾರೀಖಿನ ಹೆಸರಿನಲ್ಲಿ ಪೆನ್‌ಡ್ರೈವ್‌ಗೆ ನಕಲು ಮಾಡುತ್ತಾನೆ. ಹಿಡಿಯುವುದು ಎರಡು ನಿಮಿಷ. ನೀವು ಅಥವಾ ನಿಮ್ಮ ಮಕ್ಕಳು ಎರಡು ಕಂಪ್ಯೂಟರುಗಳ ನಡುವೆ ಒಂದೇ ಆಟ ಆಡುತ್ತಿದ್ದರೆ, ದಯವಿಟ್ಟು ಇವತ್ತು ರಾತ್ರಿಯೇ ಅಂಥದೊಂದು ನಕಲು ಮಾಡಿಡಿ.