ಬಯಲು ಭಜನೆಗೆ ಹೊರಡುವ ಮುನ್ನ ಗಂಟಿನಲ್ಲಿ ಏನಿರಬೇಕು?

ಬೆಳಗಾವಿ ಜಿಲ್ಲೆ ಅಥಣಿ ತಾಲ್ಲೂಕಿನ ಐಗಳಿ ಹಾಗೂ ಸುತ್ತಲಿನ ಸೀಮೆಯಲ್ಲಿ ಜಾತ್ರೆಯೆಂದರೆ ಭಜನೆ ಇರಲೇಬೇಕು. ಗುಡಿಯ ಮುಂದಿನ ಬಯಲಿನಲ್ಲಿ ಪೆಂಡಾಲು ಎದ್ದಿತೆಂದರೆ ಊರೂರಿನ ಮಂಡಳಿಗಳು ಸರದಿಯಂತೆ ಕುಳಿತು ನಿಜಗುಣ ಶಿವಯೋಗಿ, ಕಡಕೋಳ ಮಡಿವಾಳಪ್ಪ, ಶಿಶುನಾಳ ಶರೀಫರ ಪದಗಳನ್ನು ಹಾಡುತ್ತವೆ. ಇವರಾರೂ ವೃತ್ತಿಪರ ಕಲಾವಿದರಲ್ಲ. ಹಗಲಿಡೀ ದ್ರಾಕ್ಷಿ ತೋಟದಲ್ಲೋ ಕಬ್ಬಿನ ಹೊಲದಲ್ಲೋ ದುಡಿದು ಸಂಜೆ ಪೇಟಿ ಹೊತ್ತು ಬರುವವರು. ಮಂಡಳಿಯ ಬಳಿ ಸಾಮಾನ್ಯವಾಗಿ ಇರುವುದು ಒಂದೇ ಪೇಟಿ, ಒಂದೇ ಜೋಡಿ ತಬಲಾ. ಅವೂ ವಂತಿಗೆಯ ಹಣದಿಂದ ಬಂದವು. ಒಂದು ರಾತ್ರಿಯ ಅಜಾಗ್ರತೆಯಿಂದ ಅವು ಕೆಟ್ಟರೆ ಮುಂದಿನ ಜಾತ್ರೆಯವರೆಗೂ ಆ ಊರಿನಲ್ಲಿ ಹಾಡು ನಿಂತಂತೆಯೇ ಸರಿ. ಹೀಗಾಗಿ ಗಂಟಿನಲ್ಲಿ ಏನಿರಬೇಕೆಂಬುದು ಕ್ಷುಲ್ಲಕ ಪ್ರಶ್ನೆಯಲ್ಲ.

ಬಯಲಿನಲ್ಲಿ ಹಾಡುವವನ ಮೊದಲ ಎದುರಾಳಿ ಹವಾಮಾನ. ಮಳೆ ನೆರಳಿನ ಈ ಒಣ ಪ್ರದೇಶದಲ್ಲಿ ಚಳಿಗಾಲದ ಹಗಲು 30 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿದ್ದರೆ, ಬೆಳಗಿನ ಜಾವಕ್ಕೆ ಅದು 15ರತ್ತ ಇಳಿಯುವುದುಂಟು. ಈ ಇಳಿಕೆಗೆ ಒಂದೊಂದು ವಾದ್ಯ ಒಂದೊಂದು ಬಗೆಯಾಗಿ ಸ್ಪಂದಿಸುತ್ತದೆ. ತಣ್ಣನೆಯ ಗಾಳಿಯಲ್ಲಿ ಶಬ್ದದ ವೇಗ ತಗ್ಗುವುದರಿಂದ ಕೊಳಲಿನ ಶ್ರುತಿ ಕೆಳಗಿಳಿಯುತ್ತದೆ. ಒಂದು ಡಿಗ್ರಿಗೆ ಸುಮಾರು 3 ಸೆಂಟ್, ಅಂದರೆ ಅರ್ಧ ಸ್ವರದ ನೂರರಲ್ಲಿ ಮೂರು ಪಾಲಿನಷ್ಟು. ಬಾಯಿಯ ಬಿಸಿಯುಸಿರು ಕೊಳಲನ್ನು ಕೊಂಚ ಕಾಯಿಸುವುದಾದರೂ ಸರದಿಗಾಗಿ ಕಾಯುತ್ತ ಕುಳಿತಾಗ ಅದು ಮತ್ತೆ ತಣಿದಿರುತ್ತದೆ. ಇತ್ತ ತಂಬೂರಿಯ ಉಕ್ಕಿನ ತಂತಿ ಚಳಿಗೆ ಸಂಕುಚಿತಗೊಂಡು ಶ್ರುತಿ ಏರುತ್ತದೆ. ತಬಲಾದ ಚರ್ಮ ಇಬ್ಬನಿಯ ತೇವ ಹೀರಿ ಸಡಿಲಗೊಳ್ಳುತ್ತದೆ. ಹೆಚ್ಚೇನೂ ಕದಲದೆ ನಿಲ್ಲುವುದು ಲೋಹದ ರೀಡುಗಳುಳ್ಳ ಪೇಟಿ ಮಾತ್ರ. ರಾತ್ರಿ ಒಂಬತ್ತಕ್ಕೆ ಹದಗೊಳಿಸಿದ ಮೇಳ ಮೂರು ಗಂಟೆಯ ಸರದಿಗೆ ಕುಳಿತಾಗ ಅಪಸ್ವರ ಕೇಳಿಬಂದರೆ ಅದು ಗಾಯಕನ ತಪ್ಪೇ ಆಗಿರಬೇಕೆಂದಿಲ್ಲ.

ಆದುದರಿಂದ ಗಂಟಿನ ಮೊದಲ ವಸ್ತು ತಬಲಾದ ಸುತ್ತಿಗೆ. ಆಶ್ಚರ್ಯವೆಂದರೆ ಮನೆಯಲ್ಲಿ ಮರೆತು ಬರುವ ವಸ್ತುವೂ ಬಹುಪಾಲು ಅದೇ! ಅದರೊಡನೆ ಒಂದೆರಡು ಹೆಚ್ಚುವರಿ ಮರದ ಗಟ್ಟಿಗಳು, ಬೆವರಿನ ಕೈಗೆ ಪೌಡರ್, ಒಣ ಹತ್ತಿ ಬಟ್ಟೆ, ವಾದ್ಯ ಕೂರಿಸುವ ಸಿಂಬಿ ಇರಬೇಕು. ಬಲಗೈ ತಬಲಾವನ್ನು ಒಂದು ನಿರ್ದಿಷ್ಟ ಶ್ರುತಿಗೆಂದೇ ಕಟ್ಟಿರುತ್ತಾರೆ. ಕಾಳಿ ಒಂದರ ತಬಲಾವನ್ನು ಬಡಿದು ಬಡಿದು ಪಾಂಡರಿ ನಾಲ್ಕಕ್ಕೆ ಏರಿಸಹೊರಟರೆ ಚರ್ಮ ಹರಿಯುವುದು ಖಚಿತ. ಹಾಡುವವರು ಇಬ್ಬರಿದ್ದು ಶ್ರುತಿ ಬೇರೆಯಾಗಿದ್ದರೆ ಎರಡನೆಯ ತಬಲಾ ಒಯ್ಯುವುದೇ ಲೇಸು. ನಡುವಿನ ಕಪ್ಪು ಶಾಯಿ ಕಬ್ಬಿಣದ ಪುಡಿ ಹಾಗೂ ಗಂಜಿಯಿಂದ ಆದದ್ದಾದ್ದರಿಂದ ನೀರು ಅದಕ್ಕೆ ವಿಷವಿದ್ದಂತೆ. ಬಾರಿಸದ ಹೊತ್ತಿನಲ್ಲಿ ದಪ್ಪ ಬಟ್ಟೆಯ ಗವಸು ಮುಚ್ಚಿರಲಿ. ದ್ರಾಕ್ಷಿಯ ಬಳ್ಳಿಗೆ ಇಬ್ಬನಿ ಬಿದ್ದೀತೆಂದು ನಿದ್ದೆಗೆಡುವ ರೈತ, ತನ್ನ ತಬಲಾವನ್ನು ಅದೇ ಇಬ್ಬನಿಯಲ್ಲಿ ತೆರೆದಿಟ್ಟು ಚಹಾಕ್ಕೆ ಹೋಗುವುದು ವಿಚಿತ್ರವಲ್ಲವೇ?

ತಂಬೂರಿ ಒಯ್ಯಬೇಕೋ ಬೇಡವೋ ಎಂಬುದು ಚರ್ಚೆಯ ವಿಷಯ. ಈ ಸೀಮೆಯವರಿಗೆ ತಂಬೂರಿಯ ತವರು ದೂರದ್ದಲ್ಲ. ಅಥಣಿ, ಕಾಗವಾಡ ದಾಟಿದರೆ ಮಹಾರಾಷ್ಟ್ರದ ಮಿರಜ್. ಆಯುಧ ಮಾಡುತ್ತಿದ್ದ ಶಿಕಲಗಾರ ಮನೆತನಗಳು 19ನೇ ಶತಮಾನದಲ್ಲಿ ಅಲ್ಲಿ ತಂತಿವಾದ್ಯಗಳ ತಯಾರಿಕೆಗೆ ಇಳಿದವು. ಮಿರಜಿನ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆಯೂ ದೊರೆತಿದೆ. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ ನೆಲೆಸಿದ್ದ ಊರೂ ಅದೇ. 1937ರಲ್ಲಿ ನಿಧನರಾದ ಅವರ ನೆನಪಿನಲ್ಲಿ ಅಲ್ಲಿನ ಮೀರಾಸಾಹೇಬ ದರ್ಗಾದ ಉರುಸಿನ ಸಂದರ್ಭದಲ್ಲಿ ಸಂಗೀತ ಸಭೆ ಜರುಗುತ್ತ ಬಂದಿದೆ. ಆದರೆ ತಂಬೂರಿಯ ಬುರುಡೆ ಒಣಗಿದ ಸೋರೆಕಾಯಿಯದು. ಟೆಂಪೊದ ಒಂದು ಕುಲುಕಾಟಕ್ಕೆ ಬಿರುಕು ಬಿಡಬಲ್ಲದು. ಗಟ್ಟಿ ಪೆಟ್ಟಿಗೆಯಿಲ್ಲದವರು ಅದನ್ನು ಮನೆಯಲ್ಲೇ ಬಿಟ್ಟು, ಬೆಂಗಳೂರಿನ ಜಿ. ರಾಜನಾರಾಯಣ್ 1970ರ ದಶಕದ ಕೊನೆಯಲ್ಲಿ ರೂಪಿಸಿದ ಬಗೆಯ ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನು ಒಯ್ಯುವುದು ವಿವೇಕ. ಒಯ್ದೇ ತೀರುವವರು ಹೆಚ್ಚುವರಿ ತಂತಿ ಹಾಗೂ ಜೀವಾಕ್ಕೆ ಬೇಕಾದ ನೂಲಿನ ಎಳೆಗಳನ್ನು ಮರೆಯಬಾರದು. ಮೊಬೈಲನ್ನೇ ತಂಬೂರಿ ಮಾಡಿಕೊಂಡವರು ಅದನ್ನು ಕರೆ ಬಾರದ ಸ್ಥಿತಿಯಲ್ಲಿಡುವುದು ಸಭಾಮರ್ಯಾದೆ.

ಧ್ವನಿವರ್ಧಕದ ಮೇಲೆ ಪೂರ್ಣ ಭರವಸೆ ಸಲ್ಲದು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ಅವಕಾಶವಿಲ್ಲ. ಉತ್ಸವಗಳ ಸಂದರ್ಭದಲ್ಲಿ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನಗಳಿಗೆ ಮೀರದಂತೆ ಮಧ್ಯರಾತ್ರಿ 12ರವರೆಗೆ ಮಾತ್ರ ವಿನಾಯಿತಿ ನೀಡಬಹುದು. ತಡರಾತ್ರಿಯ ಸರದಿ ಬಂದ ಮಂಡಳಿ ಬರಿಗಂಟಲಿನಲ್ಲೇ ಹಾಡಲು ಸಿದ್ಧವಾಗಿರಬೇಕು. ಜೋರಾದ ತಾಳಗಳೇ ಸಾಲವು, ಗಾಯಕನ ದನಿಯನ್ನು ಮುಳುಗಿಸದ ಸಣ್ಣ ತಾಳದ ಜೋಡಿಯೂ ಇರಲಿ. ಸಂಜೆಯ ಸರದಿಯವರಿಗಾದರೆ ಮೈಕಿಗೆ ತೊಡಿಸುವ ಸ್ಪಂಜಿನ ಟೋಪಿ ಬಹು ಉಪಯುಕ್ತ. ಬಯಲು ಗಾಳಿಯ ಭರ್ ಭರ್ ಸದ್ದನ್ನು ಅದು ಬಹುಮಟ್ಟಿಗೆ ತಡೆಯುತ್ತದೆ.

ಉಳಿದಂತೆ ಜಮಖಾನೆಯ ಕೆಳಗೆ ಹಾಸಲು ಪ್ಲಾಸ್ಟಿಕ್ ಹಾಳೆ, ಶಾಲು, ಫ್ಲಾಸ್ಕಿನಲ್ಲಿ ಬಿಸಿನೀರು, ಸ್ವಲ್ಪ ಬೆಲ್ಲ–ಶುಂಠಿ, ಬ್ಯಾಟರಿ, ಶ್ರುತಿಪೆಟ್ಟಿಗೆಗೆ ಹೊಸ ಶೆಲ್ಲುಗಳು. ಪದಗಳ ವಹಿಯನ್ನು ದಪ್ಪಕ್ಷರದಲ್ಲಿ ಬಾಲ್‌ಪೆನ್ನಿನಿಂದ ಬರೆದಿರಬೇಕು, ಶಾಯಿಯ ಬರಹ ಇಬ್ಬನಿಗೆ ಕಲೆಸಿಹೋಗುತ್ತದೆ.

ಬೆಳಗಾದ ಮೇಲೆ ತೇವಗೊಂಡ ತಬಲಾವನ್ನು ಬಿಸಿಲಿಗಿಟ್ಟು ಒಣಗಿಸುವ ರೂಢಿ ಹಲವೆಡೆ ಇದೆ. ರಾತ್ರಿ ಬಿಗಿದ ಚರ್ಮ ಬಿಸಿಲಿಗೆ ಇನ್ನಷ್ಟು ಸೆಳೆದು ಅಂಚಿನಲ್ಲಿ ಸೀಳುತ್ತದೆ. ಗಟ್ಟಿಗಳನ್ನು ತುಸು ಇಳಿಸಿ, ಒಣಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಗಾಳಿಯಾಡುವಂತೆ ಇಟ್ಟರೆ ಮಧ್ಯಾಹ್ನದೊಳಗೆ ಅದು ಹದಕ್ಕೆ ಬರುತ್ತದೆ. ಪೇಟಿಯ ತಿದಿಯನ್ನೂ ಮುಚ್ಚಿಡುವ ಮುನ್ನ ಒಂದಿಷ್ಟು ಹೊತ್ತು ತೆರೆದಿಡುವುದು ಒಳಿತು.